ವರ್ಷಕ್ಕೆ ಎಷ್ಟಾಗುತ್ತೆ ಅಂತ ಕೇಳ್ಕೊಂಡು ಬೀದಿ ತಿರುಗಿದ್ದು

2025ರ ದಸರಾ ರಜೆಗೆ ಹೊಸನಗರದ ಕಡೆ ಅಮ್ಮನ ಮನೆಗೆ ಹೋಗಿ ನಾಲ್ಕು ದಿನ ಕೊಟ್ಟೆ ಕಡುಬು ತಿನ್ಕೊಂಡು ಮಲಗ್ಬೇಕು ಅಂತ ಲೆಕ್ಕ ಹಾಕಿದ್ದೆ, ಎಲ್ಲಿ ಮಾರಾಯ್ರೆ, ರಜೆ ಶುರುವಾಗೋ ಮುಂಚೆನೇ ಗಣತಿದಾರರ ಲಿಸ್ಟಲ್ಲಿ ನನ್ನ ಹೆಸರು ಬಂತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಜನರ ಬಾಯಲ್ಲಿ ಜಾತಿ ಗಣತಿ. 60 ಪ್ರಶ್ನೆ, ಮೊಬೈಲ್ ಆ್ಯಪಲ್ಲಿ ತುಂಬಿಸೋದು, ಸೆಪ್ಟೆಂಬರ್ 22ಕ್ಕೆ ಶುರು ಮಾಡಿ ಅಕ್ಟೋಬರ್ 7ಕ್ಕೆ ಮುಗಿಸ್ಬೇಕು ಅಂತ ಆರ್ಡರು. ನಾನು ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರ್, ಹದಿನೇಳು ವರ್ಷದ ಸರ್ವಿಸಲ್ಲಿ ಎಲೆಕ್ಷನ್ ಡ್ಯೂಟಿ ಎಷ್ಟೋ ಮಾಡಿದೀನಿ, ಅದು ಒಂದೂವರೆ ದಿನದ ಕೆಲಸ, ಒಂದು ಕಡೆ ಕೂತ್ಕೊಂಡ್ರೆ ಜನನೇ ನಮ್ಮತ್ರ ಬರ್ತಾರೆ. ಇದು ಹಂಗಲ್ಲ, ನಾವೇ ಒಬ್ಬೊಬ್ಬರ ಹೊಸ್ತಿಲು ಹತ್ತಬೇಕು.

ಮೊದಲೇ ಹೇಳ್ಬಿಡ್ತೀನಿ, ಯಾರು ಯಾವ ಜಾತಿ ಬರ್ಸಿದ್ರು ಅನ್ನೋದು ಇಲ್ಲಿ ಸಿಗಲ್ಲ. ಆ ಮಾಹಿತಿ ಗುಟ್ಟಾಗಿ ಇಡ್ಬೇಕು, ಕೊಡೋದು ಜನರ ಇಷ್ಟ, ಬಲವಂತ ಮಾಡಂಗಿಲ್ಲ ಅಂತ ಸೆಪ್ಟೆಂಬರ್ 25ಕ್ಕೆ ಹೈಕೋರ್ಟೇ ಹೇಳಿತ್ತು. ಅದಕ್ಕೇ ಮನೆಗಳನ್ನ ಅದಲು ಬದಲು ಮಾಡಿದೀನಿ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹಾಕಿದೀನಿ, ಹುಡುಕೋಕೆ ಹೋಗ್ಬೇಡಿ. ನನಗೆ ಬರೀಬೇಕು ಅನ್ಸಿದ್ದು ಜಾತಿ ಕಾಲಂ ಬಗ್ಗೆ ಅಲ್ವೇ ಅಲ್ಲ, ಅದು ಎರಡು ನಿಮಿಷಕ್ಕೆ ಮುಗೀತಿತ್ತು. ನನ್ನ ಅರ್ಧ ರಜೆ ತಿಂದಿದ್ದು ಬೇರೆ ಒಂದು ಪ್ರಶ್ನೆ, ಕುಟುಂಬದ ವಾರ್ಷಿಕ ಆದಾಯ ಎಷ್ಟು ಅನ್ನೋದು.

ನನಗೆ ಬಂದ ಬ್ಲಾಕು ಶಿವಮೊಗ್ಗ ಸಿಟಿ ಒಳಗೇ, ತುಂಗಾ ದಂಡೆ ಪಕ್ಕ ತಗ್ಗಲ್ಲಿರೋ ಒಂದು ಏರಿಯಾ, ಹೆಸರು ಬೇಡ. ಗಾಂಧಿ ಬಜಾರಿಂದ ನಡ್ಕೊಂಡು ಹೋಗೋ ದೂರ. ಇಷ್ಟು ವರ್ಷ ಅದೇ ಬಜಾರಲ್ಲಿ ಸೀರೆ ತಗೊಂಡು, ಹೂವು ತಗೊಂಡು, ಅಲ್ಲಿಂದ ಸೀದಾ ಮನೆಗೆ ಬಂದಿದೀನಿ, ಒಂದ್ಸಲನೂ ಆ ಸಂದಿ ಒಳಗೆ ಕಾಲಿಟ್ಟಿರ್ಲಿಲ್ಲ. ಹೆಂಚಿನ ಮನೆ, ಶೀಟಿನ ಮನೆ, ನಡುವೆ ಅಲ್ಲೊಂದು ಇಲ್ಲೊಂದು ಆರ್‌ಸಿಸಿ, ಎರಡು ಮನೆ ಮಧ್ಯ ಛತ್ರಿ ಬಿಚ್ಚಿದ್ರೆ ಗೋಡೆಗೆ ತಾಗುತ್ತೆ. ಸುಮಾರು ಗೋಡೆಗಳಲ್ಲಿ ನನ್ನ ಎದೆ ಮಟ್ಟಕ್ಕೆ ಒಂದು ಕಂದು ಗೆರೆ ಇತ್ತು, ಸುಣ್ಣ ಹೊಡೆದ್ರೂ ಒಳಗಿಂದ ಎದ್ದು ಕಾಣೋದು. ಏನಿದು ಅಂತ ಕೇಳಿದೆ, 2019ರ ಆಗಸ್ಟಲ್ಲಿ ಹೊಳೆ ಬಂದು ನಿಂತ ಗುರುತು ಅಂದ್ರು. ಆ ವರ್ಷ ಹೊಳೆ ತುಂಬಿ ಹರಿಯೋದನ್ನ ನಾನೂ ಸೇತುವೆ ಮೇಲೆ ನಿಂತು ನೋಡಿದ್ದೆ, ಫೋಟೋ ಕೂಡ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ.

ಮನೆ ಲಿಸ್ಟು ಕರೆಂಟ್ ಮೀಟರ್ ಲೆಕ್ಕದಲ್ಲಿ ಮಾಡಿದ್ದು. ಮೀಟರ್ ರೀಡರ್‌ಗಳು ಮುಂಚೆನೇ ಬಂದು ಬಾಗಿಲಿಗೆ ಸ್ಟಿಕರ್ ಅಂಟಿಸಿದ್ರು, ಅದರಲ್ಲೊಂದು ನಂಬರು. ಕೇಳೋಕೆ ಸುಲಭ, ಒಂದು ಮೀಟರು ಒಂದು ಮನೆ. ಆದ್ರೆ ಇಲ್ಲಿ ಒಂದು ಮೀಟರಿಗೆ ಮೂರು ಒಲೆ ಉರೀತಿತ್ತು. ಮುಂದೆ ಓನರು, ಹಿಂದೆ ತಗಡು ಹಾಕಿ ಎರಡು ಬಾಡಿಗೆ ರೂಮು, ವೈರು ಎಳ್ಕೊಂಡಿರೋದು. ಗೃಹಜ್ಯೋತಿ ಬಂದ್ಮೇಲೆ ಓನರ್‌ಗೆ ಬರೋದು ಸೊನ್ನೆ ಬಿಲ್ಲು, ಆದ್ರೂ ಬಾಡಿಗೆಯವರತ್ರ ತಿಂಗಳಿಗೆ ತಲಾ 300 ಕರೆಂಟ್ ದುಡ್ಡು ವಸೂಲಿ ಮಾಡ್ತಾರೆ. ಯಾಕೆ ಕೊಡ್ತೀರಿ ಅಂದ್ರೆ ಆ ಹೆಂಗಸು ನಕ್ಕಳು, ಕೊಡಲ್ಲ ಅಂದ್ರೆ ಸ್ವಿಚ್ಚು ಅವರ ಮನೇಲಿದೆ ಅಂದಳು. ಇನ್ನು ಓನರ್ ಕಡೆ ಕೇಳಿದ್ರೆ ಅವರದ್ದೂ ಒಂದು ನ್ಯಾಯ ಇದೆ, ಮೂರು ಮನೆ ಸೇರಿ 200 ಯೂನಿಟ್ ದಾಟಿಬಿಟ್ರೆ ಪೂರ್ತಿ ಬಿಲ್ಲು ನನ್ನ ತಲೆ ಮೇಲೆ ಬರುತ್ತಲ್ಲ ಮೇಡಂ, ಆಗ ಇವರು ಕೊಡ್ತಾರಾ ಅಂತ.

ಮೊದಲ ದಿನ ಮೂರನೇ ಮನೆ. ಅಲ್ಲೀವರೆಗೂ ಹೆಸರು, ವಯಸ್ಸು, ಆಧಾರು, ಮದುವೆ ಆದಾಗ ವಯಸ್ಸೆಷ್ಟು, ಎಲ್ಲ ಸರಾಗವಾಗಿ ಹೋಗ್ತಿತ್ತು. ಆ ಅಕ್ಕ ಸುಮಾರು ನನ್ನ ವಯಸ್ಸಿನೋರೇ, ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸ್ತಾ ಉತ್ತರ ಹೇಳ್ತಿದ್ರು.

"ವರ್ಷಕ್ಕೆ ಆದಾಯ ಎಷ್ಟಾಗುತ್ತೆ ಅಕ್ಕ?"

"ವರ್ಷಕ್ಕಾ? ಅದೆಲ್ಲ ಯಾರಿಗೊತ್ತು ಟೀಚರ್ರೇ, ವಾರಕ್ಕೆ ಕೇಳಿ ಹೇಳ್ತೀನಿ."

"ಸರಿ, ವಾರಕ್ಕೆ ಎಷ್ಟು?"

"ಯಾವ ವಾರ?"

ನಾನು ಪೆನ್ನು ಹಿಡ್ಕೊಂಡು ಸುಮ್ನೆ ಕೂತೆ. ಅವರು ತಮಾಷೆ ಮಾಡಿದ್ದಲ್ಲ. ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ ಅಡಿಕೆ ಸುಲಿಯೋಕೆ ಹೋಗ್ತಾರೆ, ಸುಲಿದಷ್ಟು ತೂಕ ಹಾಕಿ ದುಡ್ಡು, ಕೈ ಚುರುಕಿದ್ದು ಕಾಯಿ ಚೆನ್ನಾಗಿದ್ರೆ ದಿನಕ್ಕೆ 600 ಆಗುತ್ತೆ, ಮಳೆ ಹಿಡಿದು ಮರದಿಂದ ಅಡಿಕೆ ಗೊನೆ ಇಳಿಸ್ಲಿಲ್ಲ ಅಂದ್ರೆ ಅವತ್ತು ಏನೂ ಇಲ್ಲ. ಆಮೇಲೆ ಬೇಸಿಗೇಲಿ ಗಾರೆ ಕೆಲಸಕ್ಕೋ ಶುಂಠಿ ಕೆಲಸಕ್ಕೋ. ಜೂನ್ ಬಂತು ಅಂದ್ರೆ ಎರಡು ಮನೆ ಪಾತ್ರೆ ತಿಕ್ಕೋದು ಅಷ್ಟೇ. ಗಂಡ ಪೇಂಟಿಂಗ್ ಕೆಲಸ, ಮಲೆನಾಡು ಮಳೇಲಿ ಯಾರು ಮನೆಗೆ ಬಣ್ಣ ಹೊಡೆಸ್ತಾರೆ ಹೇಳಿ, ನಾಲ್ಕು ತಿಂಗಳು ಅವರು ಮನೇಲೇ. ಇದನ್ನೆಲ್ಲ ಕೂಡಿ ಕಳೆದು ವರ್ಷಕ್ಕೆ ಒಂದು ನಂಬರ್ ಹೇಳಿ ಅಂದ್ರೆ ಅವರೆಲ್ಲಿಂದ ತರ್ತಾರೆ. ನಾನು ಮೇಷ್ಟ್ರ ಥರ ನೋಟ್‌ಬುಕ್ ತೆಗೆದು ತಿಂಗಳು ತಿಂಗಳು ಬರೆದು ಕೂಡಿಸೋಕೆ ಶುರು ಮಾಡಿದೆ. ಆರು ತಿಂಗಳಾಗೋಷ್ಟರಲ್ಲಿ ಅವರು ಅಕ್ಕಿ ಮೊರ ಕೆಳಗಿಟ್ರು. ಮುಖ ಬದಲಾಗಿತ್ತು.

"ಟೀಚರ್ರೇ ಇದು ಎಷ್ಟಕ್ಕೆ ಹೋಗ್ತಿದೆ? ಒಂದು ಇಪ್ಪತ್ತು ದಾಟ್ತಾ?"

ಒಂದು ಇಪ್ಪತ್ತು ಅಂದ್ರೆ 1.20 ಲಕ್ಷ, ಬಿಪಿಎಲ್ ಕಾರ್ಡಿನ ವರ್ಷದ ಆದಾಯ ಮಿತಿ. ಆ ಸಂದೀಲಿ ಸಹಿ ಹಾಕೋಕೆ ಬರದೇ ಇರೋರಿಗೂ ಈ ನಂಬರ್ ಗೊತ್ತು. ಅನರ್ಹ ಕಾರ್ಡ್ ರದ್ದು ಮಾಡ್ತಾರಂತೆ ಅಂತ ಆಗ ಟೀವೀಲಿ ದಿನಾ ಬರ್ತಿತ್ತು, ಅದೇ ಹೊತ್ತಿಗೆ ಕುತ್ತಿಗೇಲಿ ಐಡಿ ಕಾರ್ಡ್ ಹಾಕ್ಕೊಂಡು ರೇಷನ್ ಕಾರ್ಡ್ ನಂಬರ್ ಕೊಡಿ ಆದಾಯ ಹೇಳಿ ಅಂತ ನಾನು ಹೋಗಿ ನಿಂತ್ರೆ ಯಾರು ನಂಬ್ತಾರೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನೂರು ಮನೇಲಿ ನೂರು ಸಲ ಹೇಳಿದೀನಿ, ನನಗೇ ಬೇಜಾರಾಗಿತ್ತು ಆ ಮಾತು.

ರಾತ್ರಿ ಮನೆಗೆ ಬಂದು ಸುಮ್ನೆ ಲೆಕ್ಕ ಹಾಕಿದೆ. 1.20 ಲಕ್ಷ ಅಂದ್ರೆ ತಿಂಗಳಿಗೆ 10 ಸಾವಿರ, ದಿನಕ್ಕೆ 328 ರೂಪಾಯಿ. ಐದು ಜನರ ಮನೆಗೆ ತಲೆಗೆ 65 ಚಿಲ್ರೆ. ಅಂದ್ರೆ ಗಂಡ ಹೆಂಡತಿ ಇಬ್ಬರೂ ವರ್ಷದ ಅರ್ಧದಷ್ಟು ದಿನ ಕೂಲಿಗೆ ಹೋದ್ರೂ ಗೆರೆ ದಾಟಿ ಹೋಗುತ್ತೆ. ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸಿಗೆ ಒಬ್ಬ ಮಗಳು ಹೋಗ್ತಿದ್ರೆ ಅವಳ ಸಂಬಳ ಒಂದೇ ಸಾಕು ದಾಟೋಕೆ. ಅದಕ್ಕೇ ಎರಡನೇ ದಿನದಿಂದ ಗಮನಿಸಿದ್ದು, ಕೇಳಿದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಉತ್ತರ, "ಬರ್ಕೊಳಿ ಒಂದು ಲಕ್ಷ." ಒಬ್ಬರು "ತೊಂಬತ್ತು ಬರೀರಿ, ನೂರು ಜಾಸ್ತಿ ಕಾಣ್ತದೆ" ಅಂದ್ರು.

ಅಕ್ಕಿ ಆಸೆಗೆ ಸುಳ್ಳು ಹೇಳ್ತಾರೆ ಅಂತ ನಮ್ಮ ಕಡೆಯವರು, ಅಂದ್ರೆ ಸಂಬಳದವರು, ಸುಲಭವಾಗಿ ಅಂದುಬಿಡ್ತಾರೆ. ನಾನೂ ಅಂತಿದ್ದೆ. ಆಗ ತಲೆಗೆ 10 ಕೆಜಿ ಇತ್ತು, ಐದು ಜನಕ್ಕೆ 50 ಕೆಜಿ, ಕಮ್ಮಿ ಏನಲ್ಲ ಬಿಡಿ, ಅನ್ನ ತಿನ್ನೋ ಮನೆಗೆ ತಿಂಗಳ ಅಕ್ಕಿ ಚಿಂತೆ ಮುಗೀತು. ಆದ್ರೆ ಒಂದು ಮನೇಲಿ ಯಜಮಾನರಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಆ ಅಮ್ಮ ಹೇಳಿದ್ದು ಇನ್ನೂ ಕಿವೀಲಿದೆ, "ಅಕ್ಕಿ ಹೋದ್ರೆ ಹೋಗ್ಲಿ ಟೀಚರೇ, ಗಂಜಿ ಕುಡಿಬಹುದು, ಆಸ್ಪತ್ರೇಲಿ ಕೇಳೋದು ಈ ಕಾರ್ಡೇ ಅಲ್ವಾ." ಹೌದು, ಬಿಪಿಎಲ್ ಇದ್ರೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಆದ್ರೆ ಪ್ಯಾಕೇಜಿನ 30 ಪರ್ಸೆಂಟ್ ಮಾತ್ರ ಸರ್ಕಾರದ್ದು. ಕಾರ್ಡಿನ ಬಣ್ಣ ಬದಲಾದ್ರೆ ಅವರ ಮನೇಲಿ ಏನಾಗುತ್ತೆ ಅನ್ನೋದು ಅಷ್ಟು ನೇರ. ನಾನು ಅವರು ಹೇಳಿದ ನಂಬರೇ ಬರ್ಕೊಂಡೆ, ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಅರ್ಧಕ್ಕರ್ಧ ಬೀಗ. ನನ್ನ ಟೈಮಿಂಗೇ ತಪ್ಪು ಅಂತ ಗೊತ್ತಾಗೋಕೆ ನಾಲ್ಕು ದಿನ ಬೇಕಾಯ್ತು. ಅಡಿಕೆ ಕಾಲ, ಬೆಳಗಿನ ಜಾವ ಓಮ್ನಿ ಬಂದು ಹೆಂಗಸರನ್ನ ತುಂಬ್ಕೊಂಡು ಆಯನೂರು, ರಿಪ್ಪನ್‌ಪೇಟೆ ಕಡೆ ಹೋದ್ರೆ ಬರೋದು ರಾತ್ರಿ ಎಂಟಕ್ಕೆ. ನಾನು ತೋಟದ ಮನೆಯವಳೇ ಆದ್ರೂ ಇದು ಹೊಳೀಲಿಲ್ಲ ನೋಡಿ. ಚಿಕ್ಕವಳಿದ್ದಾಗ ನಮ್ಮ ಮನೆ ಅಂಗಳದಲ್ಲೂ ಸುಲಿಯೋರು ಬರೋರು, ಮೆಟ್ಟುಗತ್ತಿ, ಅಂದ್ರೆ ಮಣೆಗೆ ಕೂರಿಸಿದ ಕತ್ತಿ, ಅದರ ಮೇಲೆ ಕಾಲಿಟ್ಟು ಸಾಲಾಗಿ ಕೂತ್ರೆ ಟಕ್ ಟಕ್ ಅಂತ ಮಧ್ಯರಾತ್ರಿವರೆಗೂ ಸದ್ದು, ಅವರ ಕಥೆ ಕೇಳ್ತಾ ಸಿಪ್ಪೆ ರಾಶಿ ಮೇಲೇ ನಾನು ನಿದ್ದೆ ಮಾಡ್ಬಿಡ್ತಿದ್ದೆ. ಅವರು ಎಲ್ಲಿಂದ ಬರ್ತಾರೆ, ಜನವರಿ ಆದ್ಮೇಲೆ ಏನ್ಮಾಡ್ತಾರೆ ಅಂತ ಯಾವತ್ತೂ ಕೇಳಿದ ನೆನಪಿಲ್ಲ. ಈಗ ಸುಲಿಯೋ ಮಷೀನ್ ಬಂದಿದೆ, ತೋಟದ ಫಸಲು ಗುತ್ತಿಗೆ ಹಿಡಿಯೋ ದೊಡ್ಡ ಖೇಣಿದಾರರೆಲ್ಲ ಅದರಲ್ಲೇ ಮುಗಿಸ್ತಾರೆ, ಕೈಯಲ್ಲಿ ಸುಲಿಯೋ ಕೆಲಸ ಮುಂಚಿನಷ್ಟು ದಿನ ಸಿಗಲ್ಲ ಅಂತ ಇವರ ದೂರು. ರಾಶಿ ಅನ್ನೋ ದರ್ಜೆಯ ಅಡಿಕೆ ಕ್ವಿಂಟಾಲಿಗೆ 60 ಸಾವಿರದ ಮೇಲಿದ್ದ ದಿನಗಳವು.

ಅಡಿಕೆ ಚೊಗರು ಹತ್ತಿ ಎಲ್ಲರ ಬೆರಳೂ ಕಪ್ಪು, ಕತ್ತಿ ತಾಗಿ ಗೀರು ಬೇರೆ. ನ್ಯಾಯಬೆಲೆ ಅಂಗಡೀಲಿ ಹೆಬ್ಬೆಟ್ಟು ತಗೊಳ್ಳಲ್ಲ ಮಷೀನು, ಅದಕ್ಕೆ ರೇಷನ್ ಕೊಡೋ ಹಿಂದಿನ ರಾತ್ರಿ ಹುಣಸೆಹಣ್ಣು ಹಾಕಿ ಬೆರಳು ಉಜ್ಜಿ ಮಲಗ್ತೀವಿ ಅಂತ ಒಬ್ಬರು ಹೇಳಿದ್ರು. ಹುಣಸೆಹಣ್ಣಿಗೆ ಚೊಗರು ಹೋಗುತ್ತೋ ಇಲ್ವೋ ನನಗಂತೂ ಡೌಟು, ನಮ್ಮಮ್ಮನ ಕೈ ಯಾವತ್ತೂ ಬಿಳಿ ಆಗಿದ್ದು ನೋಡಿಲ್ಲ.

ಅವತ್ತೇ ಇರ್ಬೇಕು, ಅಥವಾ ಮಾರನೇ ದಿನ, ಒಂದು ಬಾಗಿಲು ತಟ್ಟಿದಾಗ ತೆಗೆದಿದ್ದು ನನ್ನದೇ ಹಳೇ ಸ್ಟೂಡೆಂಟು. ಸೊಂಟದ ಮೇಲೆ ಅಕ್ಕನ ಮಗು. ನನ್ನ ನೋಡಿ ಒಳಗೆ ಓಡಿ ಹೋಗಿ ಮತ್ತೆ ಬಂದಳು. ಏಳನೇ ಕ್ಲಾಸ್ ನಮ್ಮಲ್ಲೇ ಮುಗಿಸಿದ್ದು, ಓದೋದ್ರಲ್ಲಿ ಚುರುಕು, ಗಣಿತ ಅಂತೂ ಬೋರ್ಡ್ ಮೇಲೆ ನಾನು ಬರೆಯೋ ಮುಂಚೆ ಉತ್ತರ ಹೇಳೋಳು. ಜೂನಲ್ಲಿ ಟಿಸಿ ತಗೊಂಡು ಹೋಗಿದ್ದು, ಹೈಸ್ಕೂಲಿಗೆ ಸೇರೇ ಇಲ್ಲ. ಅಕ್ಕ ಗಾರ್ಮೆಂಟ್ಸಿಗೆ, ಅಮ್ಮ ಅಡಿಕೆಗೆ, ಮಗು ನೋಡ್ಕೊಳ್ಳೋರು ಯಾರು. ಟಿಸಿ ಬರೆದು ಹೆಡ್‌ಮಾಸ್ಟರ್ ಸಹಿಗೆ ಕೊಟ್ಟೋಳು ನಾನೇ, ಯಾವ ಹೈಸ್ಕೂಲಿಗೆ ಸೇರ್ತೀಯ ಅಂತ ಒಂದು ಮಾತು ಕೇಳಿರ್ಲಿಲ್ಲ, ಅವತ್ತು ಬೇರೆ ಏನೋ ಗಡಿಬಿಡಿ. ಶಾಲೆ ಬಿಟ್ಟಿದ್ರೆ ಯಾಕೆ ಅಂತ ಒಂದು ಕಾಲಂ ಇದೆ. ಅವಳು ನನ್ನ ಫೋನ್ ಸ್ಕ್ರೀನ್ ಕಡೆನೇ ನೋಡ್ತಾ, "ಬಿಟ್ಟಿದ್ದು ಅಂತ ಬರೀಬೇಡಿ ಟೀಚರ್, ಅಡಿಕೆ ಮುಗಿದ್ಮೇಲೆ ಹೋಗ್ತೀನಿ" ಅಂದಳು. ನಾನು ಬರೀಲೇಬೇಕಿತ್ತು, ಬರೆದೆ. ಆಮೇಲೆ ಹತ್ತಿರದ ಹೈಸ್ಕೂಲಲ್ಲಿ ಪರಿಚಯದ ಮೇಡಂ ಒಬ್ಬರಿಗೆ ಫೋನ್ ಮಾಡಿ ಮಾತಾಡಿದೀನಿ, ಸೇರಿಸ್ಕೊಳ್ತೀವಿ ಕರ್ಕೊಂಡು ಬನ್ನಿ ಅಂದಿದಾರೆ, ಮಗೂನ ಎಲ್ಲಿ ಬಿಡೋದು ಅನ್ನೋದಕ್ಕೆ ಮಾತ್ರ ಅವರತ್ರನೂ ಉತ್ತರ ಇಲ್ಲ ನನ್ನತ್ರನೂ ಇಲ್ಲ. ಅಂಗನವಾಡಿ ಸೇರಿಸೋಣ ಅಂದ್ರೆ ಅದಿನ್ನೂ ಎಂಟು ತಿಂಗಳ ಕೂಸು.

ಮಧ್ಯಾಹ್ನ ಊಟಕ್ಕೆ ಕೂರ್ತಿದ್ದಿದ್ದು ಮೂಲೆಮನೆ ಅಜ್ಜನ ಜಗುಲಿ ಮೇಲೆ. ಹಳೇ ಹಮಾಲಿ, ಏರಿಯಾದ ಪೂರ್ತಿ ಚರಿತ್ರೆ ಅವರತ್ರ ಇದೆ. ಈ ರಸ್ತೆ ಎಡಗಡೆ ಘೋಷಿತ ಕೊಳಗೇರಿ, ಬಲಗಡೆ ಅಲ್ಲ, ಅಂತ ಕೈ ತೋರಿಸಿ ಹೇಳಿದ್ರು. ಎರಡೂ ಕಡೆ ಅದೇ ತಗಡು ಅದೇ ಚರಂಡಿ, ನನಗೇನೂ ವ್ಯತ್ಯಾಸ ಕಾಣ್ಲಿಲ್ಲ. 1973ರ ಕೊಳಗೇರಿ ಕಾಯ್ದೆ ಪ್ರಕಾರ ಸರ್ಕಾರ ಒಂದು ಜಾಗನ ಕೊಳಗೇರಿ ಅಂತ ಘೋಷಣೆ ಮಾಡಿದ್ರೆ ಮಾತ್ರ ಆ ಕಾಯ್ದೆ ರಕ್ಷಣೆ, ಹಕ್ಕುಪತ್ರದ ದಾರಿ, ಮನೆ ಕಟ್ಟೋ ಸ್ಕೀಮು, ಎಲ್ಲ ಅದರಿಂದ ಶುರು. ಕೊಳಗೇರಿ ಅಂತ ಕರೆಸ್ಕೊಳ್ಳೋಕೂ ಅರ್ಜಿ ಹಾಕ್ಬೇಕು ಟೀಚರಮ್ಮ ಅಂತ ಅಜ್ಜ ಬೀಡಿ ಹಚ್ಚಿದ್ರು. ಎಡಗಡೆಯವರು ಹಕ್ಕುಪತ್ರನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರ್ತಾರೆ, ಹೊಳೆ ಬಂದ್ರೆ ಮೊದಲು ಇಳಿಸೋದು ಅದನ್ನೇ, ಆಮೇಲೆ ಟೀವಿ.

ಬಲಗಡೆ ಒಬ್ಬರು ಭದ್ರಾವತಿಯವರು. ಪೇಪರ್ ಫ್ಯಾಕ್ಟರೀಲಿ ಗುತ್ತಿಗೆ ಕೆಲಸದಲ್ಲಿದ್ರು, 2015ರಲ್ಲಿ ಎಂಪಿಎಂ ಮಷೀನು ನಿಂತ್ಮೇಲೆ ಇಲ್ಲಿಗೆ ಬಂದು ಈಗ ಒಂದು ಅಪಾರ್ಟ್‌ಮೆಂಟಲ್ಲಿ ರಾತ್ರಿ ಕಾವಲು. ಆದಾಯ ಕೇಳಿದಾಗ ಪೈಸೆ ಬಿಡದೇ ಲೆಕ್ಕ ಹೇಳಿದ್ದು ಅವರೊಬ್ಬರೇ. ಸಂಬಳದ ಅಭ್ಯಾಸ ಇದ್ದವರು ನೋಡಿ, ವರ್ಷ ಅನ್ನೋದು ಅವರಿಗೆ ಅರ್ಥ ಆಗುತ್ತೆ. ಹೇಳಿ ಆದ್ಮೇಲೆ ಹೆಂಡತಿ ಒಳಗಿಂದ ಬೈದಿದ್ದು ನನಗೂ ಕೇಳಿಸ್ತು.

ಸಾಲದ ಪ್ರಶ್ನೆ ಬಂದಾಗ ಮಾತ್ರ ಯಾರೂ ಮುಚ್ಚಿಡ್ಲಿಲ್ಲ, ವಿಚಿತ್ರ ಅಲ್ವಾ. ಆದಾಯ ಅಂದ್ರೆ ಬಾಯಿ ಮುಚ್ಚುತ್ತೆ, ಸಾಲ ಅಂದ್ರೆ ಪಕ್ಕದ ಮನೆಯವರನ್ನೂ ಕರೆದು ಕೂಡಿಸ್ಕೊಂಡು ಹೇಳ್ತಾರೆ. ಮಂಗಳವಾರ ಒಂದು ಮೈಕ್ರೋಫೈನಾನ್ಸ್ ಸಂಘದ ಮೀಟಿಂಗು, ಗುರುವಾರ ಇನ್ನೊಂದು. ಹತ್ತು ಹೆಂಗಸರು ಗುಂಪು, ಒಬ್ಬಳು ಕಂತು ಕಟ್ಲಿಲ್ಲ ಅಂದ್ರೆ ಉಳಿದ ಒಂಬತ್ತು ಜನ ಹಾಕಿ ಕಟ್ಬೇಕು, ಅದಕ್ಕೇ ಕಟ್ಟದೇ ಇರೋಳಿಗೆ ಫೈನಾನ್ಸಿನವರಿಗಿಂತ ಮುಂಚೆ ಪಕ್ಕದ ಮನೆಯವಳೇ ಶತ್ರು ಆಗ್ತಾಳೆ. 2025ರ ಫೆಬ್ರವರೀಲಿ ಸುಗ್ರೀವಾಜ್ಞೆ ಬಂತಲ್ಲ, ಸಾಲಕ್ಕೆ ಕಿರುಕುಳ ಕೊಟ್ರೆ 10 ವರ್ಷದವರೆಗೂ ಜೈಲು ಅಂತ, ಆಮೇಲೆ ಮನೆ ಮುಂದೆ ಬಂದು ಕೂರೋದು ಕಮ್ಮಿ ಆಗಿದೆ ಅಂತ ನಾಲ್ಕೈದು ಕಡೆ ಕೇಳಿದೆ. ಆದ್ರೆ ಹೊಸ ಸಾಲನೂ ಕೊಡ್ತಿಲ್ಲವಂತೆ, ಅದಕ್ಕೆ ಮಕ್ಕಳ ಫೀಸು, ಬಾಣಂತನ ಅಂತ ಬಂದ್ರೆ ಮತ್ತೆ ವಾರದ ಬಡ್ಡಿಯವರ ಹತ್ರಾನೇ. 10 ಸಾವಿರ ಅಂತ ಬರ್ಕೊಂಡು ಕೈಗೆ ಎಂಟೂವರೆ ಕೊಡೋದು, ವಾರಕ್ಕೆ ಸಾವಿರದ ಹಾಗೆ ಹತ್ತು ವಾರ. ಇದನ್ನ ಆ್ಯಪಲ್ಲಿ ಎಲ್ಲಿ ಹಾಕೋದು ಅಂತ ನಮ್ಮ ಸೂಪರ್‌ವೈಸರ್ ಸರ್‌ಗೆ ಕೇಳಿದೆ, ಖಾಸಗಿ ಲೇವಾದೇವಿ ಅಂತ ಹಾಕಿ ಮೇಡಂ ಅಂದ್ರು. ಗೃಹಲಕ್ಷ್ಮಿ 2000 ಬಂದ ದಿನ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ ಒಬ್ಬಳು ಹುಡುಗಿ, ಹೊಸದಾಗಿ ಮದುವೆ ಆದೋಳು, "ನಮ್ಮತ್ತೆ ಖಾತೆಗೆ ಬಂದು ಮಂಗಳವಾರದ ಹೊತ್ತಿಗೆ ಸಂಘಕ್ಕೆ" ಅಂದಳು, ಎಲ್ಲರೂ ನಕ್ಕರು, ಅತ್ತೆನೂ ನಕ್ಕರು.

ಶೌಚಾಲಯ, ನೀರು, ಅಡುಗೆ ಇಂಧನ ಇವೆಲ್ಲ ಬೇಗ ಬೇಗ ಮುಗಿಸ್ತಿದ್ದೆ. ಸಿಲಿಂಡರ್ ಎಲ್ಲರ ಮನೇಲೂ ಇದೆ. ಇದೆ ಅಷ್ಟೇ, ಆಗಿನ ರೇಟು 850ರ ಆಸುಪಾಸು ಕೊಟ್ಟು ತುಂಬಿಸೋದು ಎರಡು ಮೂರು ತಿಂಗಳಿಗೊಮ್ಮೆ, ಉಳಿದ ದಿನ ಹಿಂದುಗಡೆ ಒಲೆ, ಈ ಕಾಲದಲ್ಲಿ ಅದಕ್ಕೆ ತೋಟದಿಂದ ಚೀಲದಲ್ಲಿ ತಂದ ಒಣ ಅಡಿಕೆ ಸಿಪ್ಪೆ.

ನನ್ನ ಫೋನಿನ ಕಥೆ ಬೇರೆ. ನಾಲ್ಕು ವರ್ಷದ ಹಳೇ ಸೆಟ್ಟು, ನಲವತ್ತನೇ ಪ್ರಶ್ನೇಲಿ ಬಿಸಿಯಾಗಿ ಆಫ್ ಆಗಿಬಿಡೋದು, ಮತ್ತೆ ಮೊದಲಿಂದ. ಓಟಿಪಿ ಅಂದ್ರೆ ಇನ್ನೊಂದು ರಾಮಾಯಣ. ಆಧಾರಿಗೆ ಲಿಂಕ್ ಆದ ನಂಬರು ಬೆಂಗಳೂರಲ್ಲಿ ಹೋಟೆಲ್ ಕೆಲಸ ಮಾಡೋ ಮಗನ ಹತ್ರ, ಅವನಿಗೆ ಫೋನ್ ಹೋಗಲ್ಲ, ಹೋದ್ರೆ ಎತ್ತಲ್ಲ, ಎತ್ತಿದ್ರೆ "ಯಾರಿಗೂ ಓಟಿಪಿ ಹೇಳ್ಬೇಡ ಅಂತ ಬ್ಯಾಂಕಿನವರು ಹೇಳಿದಾರೆ" ಅಂತ ನನಗೇ ಬುದ್ಧಿ ಹೇಳ್ತಾನೆ. ಸರಿನೇ ಅಲ್ವಾ ಅವನು ಹೇಳೋದು.

ಅಕ್ಟೋಬರ್ 2ಕ್ಕೆ ವಿಜಯದಶಮಿ, ಊರೆಲ್ಲ ಜಂಬೂ ಸವಾರಿ ನೋಡೋಕೆ ಹೋಗಿತ್ತು, ಸಕ್ರೆಬೈಲಿನ ಆನೆ ನೋಡೋಕೆ ನನ್ನ ಬ್ಲಾಕಿನ ಮಕ್ಕಳೆಲ್ಲ ಕಾಂಪೌಂಡ್ ಹತ್ತಿ ನಿಂತಿದ್ರು, "ಟೀಚರ್, ಟೀಚರ್, ಸರ್ವೆ ಟೀಚರ್" ಅಂತ ಕೂಗಿದ್ರು. ನಮ್ಮ ಮನೆಯವರು ಪರವಾಗಿಲ್ವೇ ಫೇಮಸ್ ಆಗಿದೀಯ ಅಂದ್ರು. 7ನೇ ತಾರೀಖಿಗೆ ಮುಗೀಲಿಲ್ಲ, ನನ್ನದು ಮಾತ್ರ ಅಲ್ಲ ತುಂಬಾ ಜನರದ್ದು ಮುಗಿದಿರ್ಲಿಲ್ಲ, 18ರವರೆಗೆ ಮುಂದಕ್ಕೆ ಹಾಕಿದ್ರು. ಕೊಟ್ಟೆ ಕಡುಬಿನ ಆಸೆ ಅಲ್ಲಿಗೆ ಬಿಟ್ಟೆ.

ಈ ನಡುವೆ ನಮ್ಮ ಮನೆಗೂ ಗಣತಿದಾರರು ಬಂದ್ರು. ಬೇರೆ ಶಾಲೆ ಟೀಚರ್, ಮುಖ ಪರಿಚಯ ಇತ್ತು, ಬಿಸಿಲಿಗೆ ಬೆವತು ಹೋಗಿದ್ರು ಪಾಪ. ಫ್ಯಾನ್ ಹಾಕಿ ಕೂರಿಸಿ ಕಾಫಿ ಮಾಡೋಕೆ ಒಳಗೆ ಹೋದೆ. ಆದಾಯದ ಪ್ರಶ್ನೆ ಬಂದಾಗ ನಮ್ಮ ಮನೆಯವರು ಇಬ್ಬರ ಸಂಬಳ ಹೇಳಿದ್ರು, ತೋಟದ್ದು? ಅಂತ ಅವರು ಕೇಳಿದ್ದಕ್ಕೆ, "ಅದೇನು ಬಿಡಿ ಮೇಡಂ, ಎಲೆಚುಕ್ಕಿ ರೋಗ ಬಂದು ಏನೂ ಇಲ್ಲ" ಅಂದ್ರು. ಎಲೆಚುಕ್ಕಿ ಬಂದಿದ್ದು ಹೌದು. ಏನೂ ಇಲ್ಲ ಅನ್ನೋದು ಹೌದಲ್ಲ. ನಾನು ಅಡುಗೆ ಮನೆ ಬಾಗಿಲಲ್ಲಿ ಲೋಟ ಹಿಡ್ಕೊಂಡು ನಿಂತಿದ್ದೆ, ಏನೂ ಮಾತಾಡ್ಲಿಲ್ಲ. ಆ ಟೀಚರೂ ಇನ್ನೊಂದು ಸಲ ಕೇಳ್ಲಿಲ್ಲ, ಬರ್ಕೊಂಡು ಕಾಫಿ ಕುಡಿದು ಹೋದ್ರು.

ಕೊನೆಗೆ ಉಳಿದಿದ್ದು ಒಂದೇ ಮನೆ. ಏಳು ಸಲ ಹೋಗಿದ್ದೆ, ಏಳು ಸಲನೂ ಬೀಗ. ಪಕ್ಕದ ಮನೆಯವರು "ಅವಳು ಸಿಗೋದು ಬೆಳಗಿನ ಜಾವ ಐದಕ್ಕೆ ಸರ್ಕಲ್ ಹತ್ರ ಮಾತ್ರ, ರಾತ್ರಿ ಬಂದವಳೇ ಬಿದ್ಕೊಂಡುಬಿಡ್ತಾಳೆ" ಅಂದ್ರು. ಸರಿ, ಹಠಕ್ಕೆ ಬಿದ್ದು ನಾಲ್ಕೂ ಮುಕ್ಕಾಲಿಗೇ ಸ್ಕೂಟಿ ಹಾಕ್ಕೊಂಡು ಹೋದೆ. ಮಂಜು, ಬೀದಿ ದೀಪ, ಟೀ ಗಾಡಿ ಒಂದು. ಗೋಣಿಚೀಲದಲ್ಲಿ ಸುತ್ತಿದ ಮೆಟ್ಟುಗತ್ತಿ, ಬುತ್ತಿ ಡಬ್ಬಿ, ತಲೆಗೆ ಟವಲ್ಲು, ಹತ್ತು ಹನ್ನೆರಡು ಜನ ಹೆಂಗಸರು. ನಾನು ಫೋನ್ ತೆಗೆಯೋ ಹೊತ್ತಿಗೆ ಓಮ್ನಿ ಬಂದೇ ಬಿಡ್ತು. "ಹತ್ತಿ ಟೀಚರ್ರೇ, ದಾರೀಲಿ ಕೇಳಿ" ಅಂದಳು ಆಕೆ. ಸ್ಕೂಟಿ ಟೀ ಗಾಡಿಯವರಿಗೆ ನೋಡ್ಕೊಳಿ ಅಂತ ಹೇಳಿ ಹತ್ತಿಬಿಟ್ಟೆ. ಆಯನೂರಲ್ಲಿ ಇಳಿದು ಕೆಂಪು ಬಸ್ಸಲ್ಲಿ ವಾಪಸ್ ಬಂದ್ರಾಯ್ತು, ಟಿಕೆಟ್ಟಂತೂ ಫ್ರೀ. ಲೊಕೇಷನ್ ಮನೇದೇ ಬೇಕಲ್ಲ, ಅದಕ್ಕೆ ಉತ್ತರ ಎಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಸಂಜೆ ಅವರ ಬಾಗಿಲಲ್ಲಿ ನಿಂತು ತುಂಬಿಸೋದು ಅಂತ ಲೆಕ್ಕ.

ಓಮ್ನೀಲಿ ಹನ್ನೊಂದು ಜನ, ನಾನು ಹನ್ನೆರಡನೆಯೋಳು, ಒಂದು ಕತ್ತಿಯ ಮಣೆ ನನ್ನ ಮೊಣಕಾಲಿಗೆ ಒತ್ತುತಿತ್ತು. ಇದು ಹಳೇ ಕತ್ತಿ, ಮಣೆ ಹೊಸದು ಹಾಕ್ಸಿದೀರಿ ಅಂದೆ, ನಿಮಗೆ ಹೆಂಗೆ ಗೊತ್ತು ಅಂದಳು, ನಾನೂ ಸುಲಿದಿದೀನಿ ಮಾರಾಯ್ತಿ ಅಂದೆ. ಅಲ್ಲಿಂದ ಮಾತು ಸಲೀಸಾಯ್ತು. ಮೊಬೈಲ್ ಟಾರ್ಚ್ ಒಬ್ಬಳು ಹಿಡಿದ್ರು, ನಾನು ಕುಲುಕಾಟದಲ್ಲೇ ಬರೀತಾ ಹೋದೆ, ಒಬ್ಬರನ್ನ ಕೇಳಿದ್ರೆ ಐದು ಜನ ಉತ್ತರ ಹೇಳೋರು. ಆದಾಯಕ್ಕೆ ಬಂದೆ.

ಆಕೆ ತಕ್ಷಣ ಹೇಳ್ಲಿಲ್ಲ. "ನಿಮ್ಮನೆಗೂ ಬಂದಿದ್ರಾ ಬರ್ಕೊಳೋಕೆ?" ಅಂದಳು.

"ಬಂದಿದ್ರು."

"ನಿಮ್ದು ಎಷ್ಟು ಬರ್ಸಿದ್ರಿ?"

ಓಮ್ನಿ ಪೂರ್ತಿ ಸುಮ್ನಾಯ್ತು. ಕತ್ತಲು ಅಂತ ಧೈರ್ಯ ಬಂತೋ ಏನೋ, "ನಮ್ದೂ ಸರಿಯಾಗಿ ಬರ್ಸಿಲ್ಲ ಅಕ್ಕ, ತೋಟದ್ದು ಬಿಟ್ವಿ" ಅಂದೆ. ಹಿಂದಿನ ಸೀಟಿಂದ ಯಾರೋ ಜೋರಾಗಿ ನಕ್ಕರು, ಆಮೇಲೆ ಎಲ್ಲರೂ. ಡ್ರೈವರ್ ತಿರುಗಿ ನೋಡಿದ.

"ಎಷ್ಟು ಎಕರೆ?"

"ಒಂದೂವರೆ."

"ಹೋಗ್ಲಿ ಬಿಡಿ, ನಂದು ನಾನು ಸರಿಯಾಗಿ ಹೇಳ್ತೀನಿ, ಬರ್ಕೊಳಿ" ಅಂತ ಆಕೆ ಟವಲ್ ಸರಿ ಮಾಡ್ಕೊಂಡು ಕಪ್ಪು ಬೆರಳು ಮಡಚೋಕೆ ಶುರು ಮಾಡಿದಳು. ಸೆಪ್ಟೆಂಬರಲ್ಲಿ ಎಂಟು ದಿನ ಕೆಲಸ. ಅಕ್ಟೋಬರಲ್ಲಿ ಇವತ್ತಿಗೆ ಹನ್ನೊಂದು, ಹಬ್ಬ ಎರಡು ದಿನ ಕಳೀರಿ. ಹೋದ ವರ್ಷ ನವೆಂಬರ್ ಪೂರ್ತಿ ಇತ್ತು, ಡಿಸೆಂಬರಲ್ಲಿ ಮಗಳ ಬಾಣಂತನ ಹೋಗ್ಲಿಲ್ಲ, ಜನವರಿ ಹತ್ತು ದಿನ, ಇಲ್ಲ ಒಂಬತ್ತು, ಒಂದು ದಿನದ್ದು ಖೇಣಿದಾರ ಇನ್ನೂ ಕೊಟ್ಟಿಲ್ಲ, ಅದನ್ನ ಸೇರಿಸ್ಬೇಕಾ ಬೇಡ್ವಾ ಟೀಚರ್ರೇ? ಪಕ್ಕದವಳು ಕೊಡದೇ ಇರೋದು ಆದಾಯ ಹೆಂಗಾಗುತ್ತೆ ಅಂದಳು, ಇನ್ನೊಬ್ಬಳು ದುಡಿದಿದಾಳಲ್ಲ ಬರೀಲಿ ಅಂದಳು, ಫೆಬ್ರವರಿಗೆ ಬರೋ ಹೊತ್ತಿಗೆ ಆಯನೂರು ಬಂತು.

"ಮಿಕ್ಕಿದ್ದು ಸಂಜೆ ಹೇಳ್ತೀನಿ, ಇಳ್ಕೊಳಿ ಇಳ್ಕೊಳಿ, ಲೇಟಾದ್ರೆ ಇವನು ಬೈತಾನೆ."